ಮೊಮ್ಮಗಳು ನೀರು ಕುಡಿದಳು

ಇವತ್ತು ಮಧ್ಯಾಹ್ನ ನನ್ನ ಮೊಮ್ಮಗಳು ದವಾಖಾನೆಯಿಂದ ಮನೆಗೆ ಬಂದಳು. ಬಂದು, ಪಡಸಾಲೆಯಲ್ಲಿ ನಿಂತುಕೊಂಡೇ, ಯಾರೂ ಹೇಳದೆ, ಯಾರೂ ಕೈಮುಗಿಯದೆ, ಒಂದು ತಂಬಿಗೆ ನೀರನ್ನು ಗಟಗಟ ಕುಡಿದು ಕೆಳಗಿಟ್ಟಳು. ಬಾಯಿ ಒರೆಸಿಕೊಂಡು ಇನ್ನೊಂದಿಷ್ಟು ಬೇಕು ಅಂದಳು.

ಇಷ್ಟೇ ಸುದ್ದಿ. ಇದನ್ನು ಹೇಳಲಿಕ್ಕೆ ನಾನು ಓಣಿಯ ತುದಿಯ ಚಹಾದ ಅಂಗಡಿಗೆ ಚಪ್ಪಲಿ ಸಹ ಮೆಟ್ಟದೆ ಹೋಗಿದ್ದೆ. ಅಂಗಡಿಯವನು ಸೋಸುತ್ತಿದ್ದ ಚಹಾ ನಿಲ್ಲಿಸಿ, "ನೀರು ಕುಡಿಯೂದು ಒಂದು ಸುದ್ದಿ ಏನ್ರಿ ಮುತ್ಯಾ? ನಾ ಏನೋ ನೌಕರಿ ಸಿಕ್ಕಿರಬೇಕು ಅಂತ ಮಾಡಿದ್ದೆ" ಅಂದ. ನಗಲಿ. ನನಗೂ ಅವನ ಸಂಗಡ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಅವನು ಗಾಬರಿಯಾಗಿ ಚಹಾ ಕೊಟ್ಟು ಕೂರಿಸಿದ. ಅವನಿಗೆ ಹೇಳಲಾಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಇಳಕಲ್ಲಿನ ನೇಕಾರ. ಮೂರನೇ ಇಯತ್ತೆಗೆ ಸಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದವನು, ಕಣ್ಣು ಮಂಜಾದ ಮೇಲೆಯೇ ಮೇಲಕ್ಕೆ ಹತ್ತಿದೆ. ಈಗ ಮಗ ಮನೆಯ ಹಿಂದಿನ ತಗಡಿನ ಪತ್ರಾಸ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಮಗ, ಸೊಸೆ, ಮತ್ತು ಈ ಮೊಮ್ಮಗಳು. ನನ್ನ ಹೆಂಡತಿಯನ್ನು ಇಡೀ ಓಣಿ ಆಯಿ ಎಂದು ಕರೆಯುತ್ತದೆ, ನಾನೂ ಹಾಗೆಯೇ ಬರೆಯುತ್ತೇನೆ.

ಮೊಮ್ಮಗಳು ಹುಟ್ಟಿದಾಗ ಗಂಡು ಅಂತ ಪೇಢೆ ಹಂಚಿದ್ದೆವು. ಆಧಾರ ಕಾರ್ಡಿನಲ್ಲಿ, ಕಾಲೇಜಿನಲ್ಲಿ ಇವತ್ತಿಗೂ ಗಂಡು ಹೆಸರೇ ಇದೆ. ಆದರೆ ಅವಳು ಹುಡುಗಿ. ಇದು ನನಗೆ ತಿಳಿದದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಅದಕ್ಕೂ ಮೊದಲಿನದನ್ನು ಬರೆಯುವಾಗಲೂ ಅವಳು ಅಂತಲೇ ಬರೆಯುತ್ತೇನೆ. ಹಿಂದೆ ಹೋಗಿ ನೋಡಿದರೆ, ಸಣ್ಣವಳಿದ್ದಾಗ ಆಯಿಯ ಮಗ್ಗುಲಿಗೆ ಕೂತು ರಾಟೆ ತಿರುಗಿಸುತ್ತ, ಬಣ್ಣದ ನೂಲಿನ ತುಂಡುಗಳನ್ನು ಕೂದಲಿಗೆ ಸುತ್ತಿಕೊಳ್ಳುತ್ತಿದ್ದವಳು ಇವಳೇ. ಆಗ ನಾವು ನಕ್ಕು ಬಿಡುತ್ತಿದ್ದೆವು. ದೊಡ್ಡವಳಾದ ಮೇಲೆ ಅವಳ ಅಪ್ಪ ನಗಲಿಲ್ಲ. ಅವಳೂ ನೂಲು ಸುತ್ತಿಕೊಳ್ಳುವುದನ್ನು ಬಿಟ್ಟಳು, ಮಾತು ಕಡಿಮೆ ಮಾಡಿದಳು.

ಹುನಗುಂದದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರಲು ಶುರುವಾದ ಮೇಲೆ ಅವಳು ಹಗಲಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಚಹಾ ಇಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಒಣಒಣದೇ ನುಂಗಿ ಹೋಗುವಳು. ಸೊಸೆ ಚೀಲದಲ್ಲಿಟ್ಟ ನೀರಿನ ಬಾಟ್ಲಿ ಸಂಜೆಗೆ ಹಾಗೆಯೇ ತಿರುಗಿ ಬರುತ್ತಿತ್ತು. ಕತ್ತಲಾದ ಮೇಲೆ ಮಾತ್ರ ನಾಲ್ಕು ಗುಟುಕು.

ಇದನ್ನು ಮೊದಲು ಗಮನಿಸಿದವಳು ಆಯಿ. ಗಮನಿಸಿದವಳಿಗೆ ಬೇಸರವಲ್ಲ, ಹಿಗ್ಗು. ನಮ್ಮ ನೇಕಾರರ ಮನೆದೇವರು ಬಾದಾಮಿಯ ಬನಶಂಕರಿ. ನಮ್ಮವರಲ್ಲಿ ಒಂದು ಪದ್ಧತಿ ಇದೆ: ದೇವಿಗೆ ನೀರು ಮುಟ್ಟದ ವ್ರತ ಹಿಡಿದವರು ಅದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ. ಮನೆಯವರೂ ಕೇಳಬಾರದು. ಗೊತ್ತಾದರೂ ಗೊತ್ತಿಲ್ಲದ ಹಾಗೆ ಇರಬೇಕು. ಆಯಿ ತಾನು ಹರೆಯದಲ್ಲಿ ಹೀಗೆ ಹಿಡಿದಿದ್ದಳಂತೆ, ನನಗೇ ಆಮೇಲೆ ತಿಳಿಯಿತು. ಅದಕ್ಕೇ ಅವಳು ಮೊಮ್ಮಗಳನ್ನು ಒಂದು ಮಾತೂ ಕೇಳಲಿಲ್ಲ. ಓಣಿಗೆ ಮಾತ್ರ ಹೇಳಿಬಂದಳು.

ಓಣಿಗೆ ತಿಳಿದ ಮೇಲೆ ಏನು ಕೇಳುತ್ತೀರಿ. ವ್ರತ ಹಿಡಿದವರ ಕೈಯಲ್ಲಿ ದೇವಿ ಇರುತ್ತಾಳೆ ಅಂತ ನಂಬಿಕೆ. ಪದೇ ಪದೇ ಎಳೆ ಹರಿಯುತ್ತಿದ್ದ ತನ್ನ ಮಗ್ಗದ ಹಾಸುನೂಲನ್ನು ಮುಟ್ಟಿ ಹೋಗು ಅಂತ ಮಗ್ಗುಲ ಮನೆಯ ಹೆಣ್ಣುಮಗಳು ಕರೆದಳು. ಇನ್ನೊಬ್ಬಳು ಜ್ವರದ ಕೂಸನ್ನು ತಂದು ಕಾಲ ಮೇಲೆ ಹಾಕಿದಳು. ಮೊಮ್ಮಗಳು ಬೇಡ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಯಾರೂ ಏನೂ ಕೇಳಬಾರದೆಂಬ ಆ ಪದ್ಧತಿಯ ಮರೆಯಲ್ಲಿ ಆ ಕೂಸು ಬಚ್ಚಿಟ್ಟುಕೊಂಡು ಕೂತಿತ್ತು ಅಂತ ಈಗ ಅನಿಸುತ್ತದೆ.

ಬರಬರುತ್ತ ತುಟಿ ಒಡೆದವು. ಸೊಂಟದ ಹಿಂದೆ ನೋವು ಅಂದಳು, ಚಳಿಜ್ವರ ಬಂತು, ಗುಳಿಗೆಗೆ ಇಳಿಯಿತು, ಮತ್ತೆ ಬಂತು. ಸೊಸೆ ದೊಡ್ಡ ದವಾಖಾನೆಗೆ ಹೋಗೋಣ ಅಂತ ಅತ್ತೆಯ ಕೂಡ ವಾದಕ್ಕಿಳಿದಳು. ಆಯಿ ಮಾತ್ರ ದೇವಿ ಪರೀಕ್ಷೆ ಮಾಡುತ್ತಿದ್ದಾಳೆ, ಬನಶಂಕರಿಗೆ ಕರೆದುಕೊಂಡು ಹೋಗಿ ಉಡಿ ತುಂಬಿಸಿ ವ್ರತ ಬಿಡಿಸಿದರೆ ಎಲ್ಲಾ ಸರಿಹೋಗುತ್ತದೆ ಅಂದಳು. ಮಗ ನೇಯ್ದ ಒಂದು ಹಸಿರು ಸೀರೆ ತೆಗೆದಿಟ್ಟಳು.

ಶುಕ್ರವಾರ ಗುಳೇದಗುಡ್ಡದ ಮೇಲೆ ಹಾಯ್ದು ಹೋಗುವ ಬಸ್ಸಿಗೆ ಆಯಿ, ಮೊಮ್ಮಗಳು, ನಾನು ಮೂವರೂ ಹೊರಟೆವು. ಬಾದಾಮಿಯಲ್ಲಿ ಇಳಿದು ಟಂಟಂ ಗಾಡಿ ಹಿಡಿದು ಗುಡಿ ಮುಟ್ಟಿದಾಗ ಬಿಸಿಲು ಏರಿತ್ತು. ಹೊಂಡದ ಸುತ್ತಲಿನ ಕಲ್ಲುಮಂಟಪದ ನೆರಳಲ್ಲಿ ನಡೆಯುತ್ತಿದ್ದೆವು. ಆಯಿ ಮುಂದೆ, ಬಗಲಲ್ಲಿ ಸೀರೆ. ಹಿಂದೆ ಧಪ್ ಅಂತ ಸಪ್ಪಳಾಯಿತು. ತಿರುಗಿ ನೋಡಿದರೆ ಮೊಮ್ಮಗಳು ಕಂಬಕ್ಕೆ ಒರಗಿ ಜಾರಿ ಕೂತಿದ್ದಳು, ಮೈ ಸುಡುತ್ತಿತ್ತು, ಕಣ್ಣು ಮೇಲಾಗಿದ್ದವು. ಕಣ್ಣೆದುರಿಗೆ ಹೊಂಡದ ತುಂಬ ನೀರು. ಆಯಿ ಆಗಲೂ ನೀರು ಕುಡಿಸಬೇಡಿ, ಇನ್ನೂ ಪೂಜೆ ಆಗಿಲ್ಲ ಅಂತ ಜನರ ಕೈ ತಡೆದಳು. ಯಾರೋ ಪುಣ್ಯಾತ್ಮರು ಗಾಡಿ ಮಾಡಿಕೊಟ್ಟರು. ಸೀರೆ ಬಗಲಲ್ಲೇ ಉಳಿಯಿತು.

ಬಾಗಲಕೋಟೆಯ ನವನಗರದ ದವಾಖಾನೆಯಲ್ಲಿ ಡಾಕ್ಟರು ರಕ್ತ ನೋಡಿ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ನೀರು ಸಾಲದೆ, ಮೂತ್ರ ತಡೆದು ತಡೆದು ನಂಜು ಕಿಡ್ನಿಯವರೆಗೆ ಏರಿದೆ ಅಂದರು. ಸಲೈನು, ಇಂಜೆಕ್ಷನ್, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಂದ ನೀರು ಹೋಗಬೇಕು. ಆಧಾರ ಕಾರ್ಡು ನೋಡಿ ಗಂಡಸರ ವಾರ್ಡಿಗೆ ಹಾಕಿದರು. ಅಲ್ಲಿ ಹೆಂಗಸರು ಇರುವಂತಿಲ್ಲ, ನಾನು ಉಳಿದೆ. ಆಯಿ ಹೊರಗಿನ ವರಾಂಡದಲ್ಲಿ ಕೂತಳು. ಸೊಸೆಯೂ ಬಂದು ನವನಗರದ ತನ್ನ ಅಕ್ಕನ ಮನೆಯಲ್ಲಿ ಇಳಿದುಕೊಂಡು ಬುತ್ತಿ ತರಲು ಶುರು ಮಾಡಿದಳು. ಇಳಕಲ್ಲಿನಲ್ಲಿ ಮಗ ಒಬ್ಬನೇ.

ಮಗ್ಗುಲ ಮಂಚದಲ್ಲಿ ಕಾಲು ಮುರಿದುಕೊಂಡ ಒಬ್ಬ ಹುಡುಗನಿದ್ದ. ಅವನ ಅಪ್ಪ ಹುನಗುಂದ ಕಡೆಯ ಕುರಿಗಾರ, ಬೀರಪ್ಪನ ಭಕ್ತ, ಹಣೆಗೆ ಅರಿಶಿನದ ಭಂಡಾರ, ಹೆಗಲಿಗೆ ಕರಿ ಕಂಬಳಿ. ನಮ್ಮ ಮಂಚವನ್ನೇ ನೋಡುತ್ತ ಕೂತಿದ್ದು, ಮಾತು ತೆಗೆದ.

"ಯಜಮಾನ್ರ, ನಿಮ್ಮ ಹುಡುಗ ನೀರಿನ ಬಾಟ್ಲಿ ನೋಡ್ತಾನ, ಮಾರಿ ತಿರವ್ತಾನ. ಹೊಂಡದ ದಂಡಿಗೆ ನಾಯಿ ನಿಂತಿದ್ರ ನಮ್ಮ ಕುರಿನೂ ಹಿಂಗ ಮಾಡ್ತಾವ. ನೀರಡಿಕಿ ಇರತೈತಿ, ಬಾಯಿ ಹಾಕಂಗಿಲ್ಲ."

ವ್ರತ ಇದೆ ಅಂತ ನಾನು ಹೇಳಿದೆ.

"ವ್ರತ ಇದ್ರ ಇರ್ಲಿ" ಅಂದ ಕುರಿಗಾರ. "ನಾಯಿ ಎಲ್ಲೈತಿ ಒಮ್ಮೆ ನೋಡ್ರಿ."

ಒಂದು ರಾತ್ರಿ ಒಂದು ಹಗಲು ಅವಳು ತುಟಿ ತೇವ ಮಾಡಿಕೊಂಡದ್ದು ಬಿಟ್ಟರೆ ಕುಡಿಯಲಿಲ್ಲ. ಸಲೈನು ಒಳಗೆ ಹೋಗುತ್ತಿತ್ತು, ಹೊರಗೆ ಹೋಗಲು ಅವಳು ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬೆವರುತ್ತ, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಸಂಜೆಯವರೆಗೆ ಮೂತ್ರ ತಾನಾಗಿ ಹೋಗದಿದ್ದರೆ ನಳಿಗೆ ಹಾಕಿ ತೆಗೆಯಬೇಕಾಗುತ್ತದೆ, ವಾರ್ಡಿನ ಕೆಲಸದ ಗಂಡಸು ಬಂದು ಹಾಕುತ್ತಾನೆ ಅಂತ ಡಾಕ್ಟರು ಹೇಳಿ ಹೋದರು. ಅವರು ಆಚೆ ಹೋದದ್ದೇ ತಡ, ಮೊಮ್ಮಗಳು ಕೈಗೆ ಚುಚ್ಚಿದ್ದ ಸಲೈನಿನ ಸೂಜಿಯನ್ನು ಕಿತ್ತು ಒಗೆದಳು. ಹಾಸಿಗೆಯ ಮೇಲೆ ರಕ್ತ. ನಾನು ಸಿಸ್ಟರನ್ನು ಕೂಗಿದೆ.

ಸಿಸ್ಟರು ಓಡಿ ಬಂದಳು. ನಮ್ಮ ಸೊಸೆಯ ವಯಸ್ಸಿನವಳು, ತವರು ಗುಳೇದಗುಡ್ಡವಂತೆ. ಮೊದಲು ಚೆನ್ನಾಗಿ ಬೈದಳು, ಹತ್ತಿ ಒತ್ತಿ ಹಿಡಿದುಕೊಂಡೇ ಬೈದಳು. ಗಂಡಸು ಬಂದು ನಳಿಗೆ ಹಾಕುತ್ತಾನೆ ಅಂದದ್ದಕ್ಕೆ ಕಿತ್ತಳು ಅಂತ ನಾನು ಹೇಳಿದಾಗ ಬೈಯುವುದು ಬಿಟ್ಟು ಮೊಮ್ಮಗಳ ಮುಖ ನೋಡಿದಳು. ಒಂದು ಸ್ಟೂಲು ಎಳೆದುಕೊಂಡು ಹಾಸಿಗೆಯ ಆ ಬದಿಗೆ, ಗೋಡೆ ಕಡೆ ಹೋಗಿ ಕೂತಳು. ನನಗೆ ಆಚೆ ನಿಲ್ಲಲು ಹೇಳಿದಳು. ನಾನು ನಿಂತದ್ದು ಎರಡು ಮಾರು ದೂರವೂ ಇರಲಿಲ್ಲ.

ಸಿಸ್ಟರು ಕೇಳಿದ ಮೊದಲ ಮಾತು ನೀರಿನದಲ್ಲ. "ನಿನ್ನ ಯಾವ ಹೆಸರಿಂದ ಕರದ್ರ ನಿನಗ ಸರಿ ಅನಸ್ತೈತಿ?" ಅಂತ ಕೇಳಿದಳು.

ಇದೆಂಥ ಪ್ರಶ್ನೆ, ಹೆಸರು ಬರೆಸಿ ಆಗಿದೆಯಲ್ಲ ಅಂತ ನಾನು ಅಂದುಕೊಂಡೆ. ಮೊಮ್ಮಗಳು ಒಂದು ಹೆಸರು ಹೇಳಿದಳು. ಹೆಣ್ಣಿನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಸಿಸ್ಟರು ನಗಲಿಲ್ಲ, ಕಣ್ಣು ಅಗಲ ಮಾಡಲಿಲ್ಲ, ಮುಂದಿನ ಮಾತನ್ನು ಅದೇ ಹೆಸರು ಹಿಡಿದು ಆಡಿದಳು. ಅವರಿಬ್ಬರೂ ಸಣ್ಣ ದನಿಯಲ್ಲಿ ಮಾತಾಡಿದರು. ಸಿಸ್ಟರು ಎದ್ದು ಬಂದು, "ಅಜ್ಜಾರ, ನಿಮಗ ತಾನ ಹೇಳ್ತಾಳಂತ. ನಡುವ ಬಾಯಿ ಹಾಕಬ್ಯಾಡ್ರಿ" ಅಂದಳು.

ನಾನು ಮಂಚದ ತುದಿಗೆ ಕೂತೆ.

"ಮುತ್ಯಾ, ವ್ರತ ಇಲ್ಲ."

"ಮತ್ತ?"

"ನೀರು ಕುಡದ್ರ ಸಂಡಾಸಕ್ಕ ಹೋಗಬೇಕಾಕ್ಕೈತಿ. ಎಲ್ಲಿ ಹೋಗ್ಲಿ ಹೇಳು?"

ಒಂದೊಂದಾಗಿ ಹೇಳಿದಳು. ಕಾಲೇಜಿನಲ್ಲಿ ಹುಡುಗರ ಕಡೆ ಹೋದರೆ ಬಾಗಿಲು ಒದೆಯುತ್ತಾರೆ, ಮೇಲಿನಿಂದ ಫೋನು ಹಿಡಿಯುತ್ತಾರೆ. ಹುಡುಗಿಯರ ಕಡೆ ಕಾಲಿಡುವಂತಿಲ್ಲ. ಮನೆಯಲ್ಲಿ ಮೂರು ಮನೆಗೆ ಕೂಡಿ ಒಂದೇ ಸಂಡಾಸ, ಅದರ ಚಿಲಕ ಮುರಿದು ಎಷ್ಟೋ ಕಾಲವಾಯಿತು. ನಾವೆಲ್ಲ ಬಾಗಿಲ ಮುಂದೆ ಬಕೆಟ್ ಇಟ್ಟು ಹೋಗುತ್ತೇವೆ, ಒಳಗಿನಿಂದ ಕೆಮ್ಮುತ್ತೇವೆ. ಅವಳ ಬಕೆಟ್ಟನ್ನು ಓಣಿಯ ಹುಡುಗರು ಬೇಕಂತಲೇ ಸರಿಸಿ ಬಾಗಿಲು ಜಗ್ಗುತ್ತಿದ್ದರಂತೆ. ಇಲ್ಲಿ ವಾರ್ಡಿನಲ್ಲೂ ಅದೇ ಭಯ. ಇಷ್ಟು ಹೇಳಿ, ನನ್ನ ಮುಖ ನೋಡದೆ, "ನಾ ಹುಡುಗ ಅಲ್ಲ ಮುತ್ಯಾ. ಸಣ್ಣಾಕಿ ಇದ್ದಾಗಿಂದನೂ ಅಲ್ಲ" ಅಂದಳು.

ಆ ಹೊತ್ತಿಗೆ ನನ್ನ ಎದೆಯಲ್ಲಿ ಏನೇನು ಹಾದುಹೋಯಿತು ಅಂತ ಬರೆಯಲು ಬರುವುದಿಲ್ಲ. ಹೆದರಿಕೆಯಾಯಿತು, ಅದು ಖರೆ. ಬಸ್ ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವವರು ನೆನಪಾದರು. ಅವರಿಗೂ ಎಲ್ಲೋ ಒಬ್ಬ ಮುತ್ಯಾ ಇದ್ದಿರಬೇಕಲ್ಲ ಅನಿಸಿತು. ಮಂಚದ ತುದಿಗೆ ಕೂತಿದ್ದರಿಂದ ಕೈಗೆ ಸಿಕ್ಕಿದ್ದು ಅವಳ ಪಾದ. ಅದನ್ನೇ ಹಿಡಿದುಕೊಂಡೆ.

"ಇರ್ಲಿ ಯವ್ವಾ" ಅಂದೆ. "ಬ್ಯಾರೆ ಎಲ್ಲಾ ಆಮ್ಯಾಲ ನೋಡೂಣು. ಮೊದ್ಲ ನೀರು ಕುಡಿ."

ಅವಳು ಕುಡಿಯಲಿಲ್ಲ. ಆದರೆ ಈ ಕಡೆ ತಿರುಗಿ ಮಲಗಿದಳು.

ಸಿಸ್ಟರು ಮೇಲಿನವರ ಕೂಡ ಮಾತಾಡಿ ಬಂದು ಮಂಚವನ್ನು ವಾರ್ಡಿನ ಕೊನೆಯ ಮೂಲೆಗೆ ತಳ್ಳಿಸಿದಳು. ಮರೆ ಕಟ್ಟುವ ಪರದೆಗಳೆಲ್ಲ ಬೇರೆ ಕಡೆ ಹೋಗಿದ್ದವು. ಒಂದು ಹಗ್ಗ ಕಟ್ಟಿ, ಹರವಲು ಏನಾದರೂ ಸಿಗುತ್ತದೆಯೇ ಅಂತ ಆಚೀಚೆ ನೋಡಿದಳು. ಕುರಿಗಾರ ಎದ್ದು ಬಂದು ಏನೂ ಕೇಳದೆ ಹೆಗಲ ಮೇಲಿನ ಕಂಬಳಿ ತೆಗೆದು ಹಗ್ಗದ ಮೇಲೆ ಹರವಿದ. ನನ್ನ ಹತ್ತಿರ ಬಗ್ಗಿ, "ನಾಯಿ ಸಿಕ್ತೇನ್ರಿ ಯಜಮಾನ್ರ?" ಅಂದ. ಸಿಕ್ಕಿತು ಅಂದೆ. ಮತ್ತೆ ಅವನು ಆ ಮಾತು ತೆಗೆಯಲಿಲ್ಲ.

ಸಿಸ್ಟರುಗಳು ತಾವು ಬಳಸುವ ಸಂಡಾಸದ ಕೀಲಿ ಕೊಟ್ಟರು. ಅದಕ್ಕೆ ಒಳಗಿನಿಂದ ಗಟ್ಟಿ ಚಿಲಕವಿತ್ತು. ನಮ್ಮ ಸಿಸ್ಟರು ಸಲೈನನ್ನು ಇನ್ನೊಂದು ಕೈಗೆ ಹಚ್ಚಿ, ಮೊಮ್ಮಗಳನ್ನು ಹಿಡಿದು ನಡೆಸಿಕೊಂಡು ಹೋದಳು, ನಾನು ಸಲೈನಿನ ಬಾಟ್ಲಿ ಎತ್ತಿ ಹಿಡಿದು ಹಿಂದೆ ಹೋದೆ. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸಪ್ಪಳ. ಬಾಗಿಲ ಸಂದಿಯಲ್ಲಿ ಸಲೈನಿನ ನಳಿಗೆ, ಈ ಕಡೆ ಬಾಟ್ಲಿ ಹಿಡಿದ ನನ್ನ ಕೈ. ಭಾಳ ಹೊತ್ತಾಯಿತು. ಅಲ್ಲಿಯೇ ಹಾದುಹೋಗುತ್ತಿದ್ದ ಒಬ್ಬ, ಇಲ್ಲಿ ರೋಗಿಗಳನ್ನು ಬಿಡುವುದಿಲ್ಲ ಅಂತ ತಕರಾರು ತೆಗೆದ. ಇದು ನನ್ನ ರೋಗಿ, ನಾ ಜವಾಬ್ದಾರಿ ಅಂತ ಸಿಸ್ಟರು ಅವನನ್ನು ಸಾಗಹಾಕಿದಳು. ಒಳಗೆ ಕೊಟ್ಟಿದ್ದ ಅಳತೆಯ ಪ್ಲಾಸ್ಟಿಕ್ ಮಗ್ಗನ್ನು ಮೊಮ್ಮಗಳು ಹೊರಗೆ ತಂದಾಗ ಸಿಸ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನ ನಳಗಿ ಹಾಕೂದು ತಪ್ಪಿತು" ಅಂದಳು. ಮೊಮ್ಮಗಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಅವತ್ತು ಮೊದಲ ಬಾರಿಗೆ ಅವಳು ನಾನು ಹಿಡಿದ ಲೋಟದಿಂದ ನೀರು ಕುಡಿದಳು.

ಎಷ್ಟು ಕುಡಿದಳೆಂಬುದು ಸಿಸ್ಟರಿಗೆ ಬೇಕಿತ್ತು. ನನ್ನ ಹತ್ತಿರ ಕಾಗದ ಪೆನ್ನು ಇರಲಿಲ್ಲ. ಅಂಗಿಯ ಜೇಬಿನಲ್ಲಿ ನೂಲಿನ ತುಂಡು ಯಾವಾಗಲೂ ಇರುತ್ತದೆ, ನೇಕಾರನ ಜೇಬು. ಅವಳು ಒಂದು ಲೋಟ ಕುಡಿದಾಗ ನೂಲಿಗೆ ಒಂದು ಗಂಟು ಹಾಕಿದೆ. ಸಿಸ್ಟರು ಬಂದಾಗ ನೂಲನ್ನು ಬೆರಳ ನಡುವೆ ಎಳೆದುಕೊಂಡು, ತನ್ನ ತವರಿನಲ್ಲಿ ಕುಪ್ಪಸದ ಖಣ ನೇಯುವ ಮಗ್ಗದ ಮುಂದೆ ಬೆಳೆದವಳಲ್ಲವೇ, ಗಂಟು ಎಣಿಸಿಕೊಂಡು ಹೋಗುತ್ತಿದ್ದಳು. "ಇವತ್ತ ಎಳಿ ಭಾಳ ಸಪಾಟ ಐತಿ ಅಜ್ಜಾರ, ಗಂಟು ಎಲ್ಲಿ?" ಅಂತ ಕೆಲವು ಸಲ ಚೇಷ್ಟೆ ಮಾಡುವಳು.

ಎಲ್ಲವೂ ಆಕೆಯ ಒಂದು ಮಾತಿಗೆ ನೆಟ್ಟಗಾಗಲಿಲ್ಲ. ಪಾಳಿ ಬದಲಾಗಿ ಬಂದ ಬೇರೊಬ್ಬ ಸಿಸ್ಟರು, ಪಾಪ ಅವಳಿಗೆ ತಿಳಿಯದು, ಇಂಜೆಕ್ಷನ್ನಿಗೆ ಅಂತ ಹಳೆಯ ಗಂಡು ಹೆಸರನ್ನು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ಮೊಮ್ಮಗಳು ಕಂಬಳಿಯ ಮರೆಯಲ್ಲಿ ಮುದುಡಿದಳು. ಅವತ್ತು ನನ್ನ ನೂಲಿಗೆ ಗಂಟು ಬೀಳಲಿಲ್ಲ, ಜ್ವರ ತಿರುಗಿ ಬಂತು. ಮರುದಿನ ನಮ್ಮ ಸಿಸ್ಟರು ಬಂದು ಉಳಿದವರಿಗೆಲ್ಲ ಸಮಾಧಾನದಿಂದ ತಿಳಿಸಿದಳು. ಮುಟ್ಟುವ ಮೊದಲು ಆಕೆ ಪ್ರತಿ ಸಲ ಕೇಳುವಳು: ಮುಟ್ಟಲೇನು, ಇಲ್ಲಿ ಒತ್ತಲೇನು, ಅಂಗಿ ಸರಿಸಲೇನು. ಇಷ್ಟು ವರ್ಷ ಬದುಕಿದ್ದೇನೆ, ರೋಗಿಯನ್ನು ಹೀಗೆ ಕೇಳುವುದನ್ನು ನಾನು ನೋಡಿರಲಿಲ್ಲ. ಮನಸ್ಸಿನ ಡಾಕ್ಟರಮ್ಮ ಒಬ್ಬರನ್ನೂ ಕರೆಸಿದಳು. ಅವರು ಬಂದು ಮೊಮ್ಮಗಳ ಕೂಡ ಮಾತಾಡಿ ಹೋದ ಮೇಲೆ ಅವಳು ಅತ್ತಳು, ಅತ್ತಮೇಲೆ ನಿದ್ದೆ ಮಾಡಿದಳು.

ಆಯಿಗೆ ಹೇಳುವ ಪಾಳಿ ನನ್ನದಾಯಿತು. ವರಾಂಡದಲ್ಲಿ ಅವಳ ಮಗ್ಗುಲಿಗೆ ಕೂತು, ವ್ರತ ಇರಲಿಲ್ಲ ಅನ್ನುವುದರಿಂದ ಹಿಡಿದು ಎಲ್ಲಾ ಹೇಳಿದೆ. ಸೊಸೆಯೂ ಅಲ್ಲಿಯೇ ಇದ್ದಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತನಗೆ ಒಳಗೊಳಗೆ ಅನುಮಾನ ಇತ್ತು ಮಾವಾರ ಅಂದಳು. ಆಯಿ ಊಟ ಮಾಡಲಿಲ್ಲ. ಮುಂದಿನ ಶುಕ್ರವಾರ ನಸುಕಿನಲ್ಲಿ ಆ ಹಸಿರು ಸೀರೆ ಬಗಲಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಒಬ್ಬಳೇ ಬಾದಾಮಿ ಬಸ್ಸು ಹತ್ತಿದಳು.

ಮಧ್ಯಾಹ್ನ, ಭೇಟಿಯ ಹೊತ್ತಿಗೆ ಸರಿಯಾಗಿ ತಿರುಗಿ ಬಂದಳು. ಒಂದು ಕೈಯಲ್ಲಿ ಹೊಂಡದ ನೀರು ತುಂಬಿದ ಬಾಟ್ಲಿ, ಇನ್ನೊಂದರಲ್ಲಿ ದೇವಿಯ ಉಡಿಯಿಂದ ಪ್ರಸಾದವಾಗಿ ಬಂದ ಹಸಿರು ಬಳೆ. ಕಂಬಳಿ ಸರಿಸಿ ಒಳಗೆ ಹೋಗಿ, "ವ್ರತ ಬಿಡಿಸ್ಕೊಂಡು ಬಂದೀನಿ. ಇನ್ನ ಕುಡಿ" ಅಂದಳು.

"ವ್ರತ ಇರ್ಲೇ ಇಲ್ಲ ಆಯಿ" ಅಂದಳು ಮೊಮ್ಮಗಳು.

"ನಂದಿತ್ತಲ್ಲ" ಅಂದಳು ಆಯಿ.

ಬಾಟ್ಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಸಿಸ್ಟರು ಬಂದು ಹಿಡಿದಳು. "ಆಯಿ, ದೇವಿ ಮ್ಯಾಲೆ ನನಗೂ ಭಕ್ತಿ ಐತ್ರಿ. ಆದ್ರ ಹೊಂಡದ ನೀರು ಕುಡಸಿದ್ರ ಇಕಿಗೆ ನಾ ಮತ್ತೊಂದು ಸಲೈನ ಹಚ್ಚಬೇಕಾಕ್ಕೈತಿ. ತಲಿಗೆ ಚಿಮುಕಿಸ್ರಿ, ಕುಡಿಯಾಕ ಫಿಲ್ಟರಿಂದು ಕೊಡ್ತೇನಿ." ಆಯಿ ಸಿಸ್ಟರನ್ನು ಮೇಲಿಂದ ಕೆಳಗೆ ನೋಡಿ, ಅರ್ಧ ನೀರು ಮೊಮ್ಮಗಳ ತಲೆಗೆ, ಉಳಿದರ್ಧ ಸಿಸ್ಟರಿನ ತಲೆಗೂ ಚಿಮುಕಿಸಿದಳು. ಬಳೆಗಳನ್ನು ದಿಂಬಿನ ಕೆಳಗೆ ಇಟ್ಟು ಹೊರಗೆ ಹೋದಳು. ಸಂಜೆಗೆ ನೋಡಿದರೆ ಅವು ಮೊಮ್ಮಗಳ ಕೈಯಲ್ಲಿದ್ದವು.

ಮಗ ಬಂದದ್ದು ಒಂದೇ ಸಲ. ಸೊಸೆ ಫೋನಿನಲ್ಲಿ ಎಲ್ಲಾ ಹೇಳಿದ್ದಳು. ಅವನು ಬಂದು ಮಂಚದ ಹತ್ತಿರ ನಿಂತಾಗಲೇ ಸಿಸ್ಟರು ಆ ಹೆಸರು ಹಿಡಿದು ಕರೆದು ಗುಳಿಗೆ ಕೊಟ್ಟಳು. ಮಗನ ಕಣ್ಣು ಬಳೆಯ ಮೇಲೆ ಬಿತ್ತು. ಅವನು ವರಾಂಡಕ್ಕೆ ನಡೆದ, ನಾನು ಹಿಂದೆ ಹೋದೆ.

"ನಾಳೆ ಓಣ್ಯಾಗ ನಾ ಹೆಂಗ ತಿರಗ್ಲಿ ಅಪ್ಪಾ?" ಅಂತ ಕೇಳಿದ.

"ಇಷ್ಟ ದಿನ ಅಕಿ ಹೆಂಗ ತಿರಗ್ಯಾಳ, ಅದನ್ನ ಕೇಳು" ಅಂದೆ.

ಅವನು ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡಿದ್ದ ಕರದಂಟಿನ ಪೊಟ್ಟಣವನ್ನು ನನ್ನ ಕೈಗೆ ತುರುಕಿ ಮೆಟ್ಟಿಲು ಇಳಿದುಹೋದ. ಆಮೇಲೆ ಬರಲಿಲ್ಲ. ಫೋನು ಎತ್ತಿದರೂ ಹಾಂ, ಹೂಂ, ಅಷ್ಟೇ.

ಬಿಡುಗಡೆಯ ಮಾತು ಬಂದಾಗ ಸಿಸ್ಟರು ನನ್ನನ್ನು ಬದಿಗೆ ಕರೆದಳು. ಕಿಡ್ನಿ ಈ ಸಲ ಉಳಿದಿದೆ, ಮನೆಗೆ ಹೋಗಿ ಮತ್ತೆ ನೀರು ಬಿಟ್ಟರೆ ಮುಂದಿನ ಸಲ ಉಳಿಯುವ ಭರವಸೆ ಇಲ್ಲ ಅಂತ ಡಾಕ್ಟರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, "ಇಲ್ಲಿ ಕೀಲಿ ನನ್ನ ಕೈಯಾಗೈತಿ. ಮನ್ಯಾಗ ಯಾರ ಕೈಯಾಗೈತ್ರಿ ಅಜ್ಜಾರ?" ಅಂತ ಕೇಳಿದಳು. ಬಾಗಿಲ ಮುಂದೆ ಇಡುವ ಬಕೆಟ್ಟು ನನ್ನ ಕಣ್ಣ ಮುಂದೆ ಬಂತು.

ಅದರ ಮೇಲೆ ಇನ್ನೊಂದು. ಚಹಾದ ಅಂಗಡಿಯವನು ಫೋನು ಮಾಡಿ, ನಿಮ್ಮ ಮಗ ಮಷೀನು ಬಂದ್ ಮಾಡಿದ್ದಾನೆ, ಇಟ್ಟಂಗಿ ಸಿಮೆಂಟು ಇಳಿಸಿದ್ದಾನೆ, ಶೆಡ್ಡಿನಲ್ಲಿ ಗೋಡೆ ಏಳುತ್ತಿದೆ, ಏನು ಮುತ್ಯಾ ಅಂತ ಕೇಳಿದ. ನಾನು ಕೂಸನ್ನು ಬೇರೆ ಇಡಲು ಗೋಡೆ ಎಬ್ಬಿಸುತ್ತಿದ್ದಾನೆ ಅಂತಲೇ ತಿಳಿದೆ. ಆಯಿಗೆ, ಸೊಸೆಗೆ ಹೇಳಲಿಲ್ಲ. ಹಾಗೇನಾದರೂ ಆದರೆ ಗೋಡೆಯ ಆಚೆ ಕಡೆ ಅವಳ ಕೂಡ ನಾನೂ ಮಲಗುವುದು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಹೊರಟಾಗ ಕುರಿಗಾರ ಕಂಬಳಿ ಮಡಚುತ್ತ, ಮೊಮ್ಮಗಳ ಹಣೆಗೆ ಭಂಡಾರ ಹಚ್ಚಿ, "ಹೋಗಿ ಬಾರವ್ವ" ಅಂದ. ಸಿಸ್ಟರು ಬಾಗಿಲವರೆಗೆ ಬಂದು ಅವಳ ಕೈಗೆ ನೀರಿನ ಬಾಟ್ಲಿ ಕೊಟ್ಟಳು. ಬಸ್ಸಿನಲ್ಲಿ ಕಿಡಕಿಯ ಹತ್ತಿರ ಕೂತ ಮೊಮ್ಮಗಳು ಆ ಬಾಟ್ಲಿಯನ್ನು ತೊಡೆಯ ಮೇಲೆ ಹಿಡಿದಿದ್ದಳು, ಮುಚ್ಚಳ ತೆಗೆಯಲಿಲ್ಲ. ಅಮೀನಗಡ ದಾಟಿತು, ಹುನಗುಂದ ದಾಟಿತು, ತೆಗೆಯಲಿಲ್ಲ. ಇಳಕಲ್ಲು ಹತ್ತಿರವಾದಂತೆ ಅವಳ ತುಟಿ ಒಣಗುತ್ತ ಬಂದದ್ದು ನನಗೆ ಕಾಣುತ್ತಿತ್ತು. ದವಾಖಾನೆಯಲ್ಲಿ ಮಾಡಿದ್ದೆಲ್ಲ ದಾರಿಯಲ್ಲೇ ಸೋರಿಹೋಗುತ್ತಿದೆ ಅನಿಸಿತು.

ಮನೆಯ ಬಾಗಿಲು ತೆರೆದಿತ್ತು. ಮಷೀನಿನ ಸಪ್ಪಳವಿರಲಿಲ್ಲ. ಪಡಸಾಲೆ ದಾಟಿ ಹಿಂದೆ ನೋಡಿದರೆ, ಶೆಡ್ಡಿನಲ್ಲಿ ಒಂದು ಲೂಮ್ ಇದ್ದ ಜಾಗ ಖಾಲಿ. ಆ ಮೂಲೆಯಲ್ಲಿ ಹೊಸ ಗೋಡೆ, ಇನ್ನೂ ಹಸಿ. ಗೋಡೆಗೆ ಪೇಟೆಯಲ್ಲಿ ಸಿಗುವಂಥ ನೀಲಿ ಪ್ಲಾಸ್ಟಿಕ್ಕಿನ ಬಾಗಿಲು. ಮಗ ಅದರ ಮುಂದೆ, ಮೊಣಕೈಯವರೆಗೆ ಸಿಮೆಂಟು ಮಾಡಿಕೊಂಡು ನಿಂತಿದ್ದ. ಯಾರ ಮುಖವನ್ನೂ ನೋಡದೆ, ಆ ಬಾಗಿಲಿಗೇ ಹೇಳುವವನಂತೆ ಹೇಳಿದ.

"ಒಂದ್ ಲೂಮ್ ತಗದೀನಿ. ಸಂಡಾಸ ಕಟ್ಟೀನಿ. ಚಿಲಕ ಒಳಗಿಂದ ಬೀಳ್ತೈತಿ."

ಮೊಮ್ಮಗಳು ಚೀಲ ಕೆಳಗಿಟ್ಟು ಅದರೊಳಗೆ ಹೋದಳು. ಚಿಲಕ ಬಿತ್ತು. ತೆರೆಯಿತು. ಮತ್ತೆ ಬಿತ್ತು. ಒಳಗೆ ಏನೂ ಮಾಡದೆ ಬರೀ ಚಿಲಕ ಹಾಕಿ ತೆಗೆದು ನೋಡುತ್ತಿದ್ದಳು. ಮಗ ಕೈಯ ಸಿಮೆಂಟು ಕೆರೆದುಕೊಳ್ಳುತ್ತ ನಿಂತೇ ಇದ್ದ. ಹೊರಗೆ ಬಂದವಳು ನೇರವಾಗಿ ಪಡಸಾಲೆಗೆ ಹೋಗಿ, ನೀರಿನ ಹರಿವಿಯಿಂದ ತಂಬಿಗೆ ತುಂಬಿಕೊಂಡಳು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಕಾಲೇಜಿನದು ಹಾಗೆಯೇ ಉಳಿದಿದೆ. ಸೋಮವಾರ ನಾನೂ ಸೊಸೆಯೂ ಹೋಗಿ ಅಲ್ಲಿ ದೊಡ್ಡವರನ್ನು ಕಾಣಬೇಕು, ಏನನ್ನುತ್ತಾರೋ ಗೊತ್ತಿಲ್ಲ. ಓಣಿಯವರು ಬಳೆ ನೋಡಿ ಏನೇನು ಅನ್ನುತ್ತಾರೋ, ಅದೂ ಗೊತ್ತಿಲ್ಲ. ಆಯಿ ಮಾತ್ರ, ಓಣಿಗೆ ಮೊದಲು ಹೇಳಿದವಳು ನಾನು, ಈಗಲೂ ನಾನೇ ಹೇಳುತ್ತೇನೆ ಅನ್ನುತ್ತಿದ್ದಾಳೆ. ಮಗ ಇನ್ನೂ ಆ ಹೆಸರು ಬಾಯಲ್ಲಿ ತಂದಿಲ್ಲ.

ಸಂಜೆ ಎಲ್ಲರೂ ಕೂಡಿ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರು. ಕರದಂಟಿನ ಪೊಟ್ಟಣವೂ ನಡುವೆ ಬಂತು. ಮೊಮ್ಮಗಳು ಒಳಗಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಇದ್ದಳು, ಬರಲು ಹಿಂಜರಿಯುತ್ತಿದ್ದಳು. ಎಲ್ಲರ ತಾಟುಗಳೂ ಬಿದ್ದಿದ್ದವು, ಯಾರೂ ಕೈ ಹಚ್ಚಿರಲಿಲ್ಲ. ಮಗ ತಾಟು ನೋಡುತ್ತಲೇ ಕೂಗಿದ.

"ಬಾರಬೇ, ರೊಟ್ಟಿ ಆರಾಕತ್ತಾವ."

ನಮ್ಮ ಕಡೆ ಹೆಣ್ಣುಮಕ್ಕಳನ್ನಷ್ಟೇ 'ಬಾರಬೇ' ಅನ್ನುತ್ತಾರೆ. ಮೊಮ್ಮಗಳು ಬಂದು ಅವನ ಮಗ್ಗುಲಿಗೆ ಕೂತಳು. ಊಟದ ನಡುವೆ ನೀರು ಕುಡಿದಳು. ರೂಢಿಗೆ ನನ್ನ ಕೈ ಜೇಬಿನ ನೂಲಿಗೆ ಹೋಯಿತು, ಹಿಂದಕ್ಕೆ ತೆಗೆದುಕೊಂಡು ರೊಟ್ಟಿ ಮುರಿದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಹಿಂದೆ ಹೋದಳು. ಚಿಲಕ ಬಿದ್ದ ಸಪ್ಪಳ ಕೇಳಿತು. ಸೊಸೆ ಬದನೆಕಾಯಿ ಬಡಿಸುತ್ತಿದ್ದಳು, ಬಡಿಸುತ್ತಲೇ ಇದ್ದಳು. ಯಾರೂ ತಲೆ ಎತ್ತಲಿಲ್ಲ. ಮೊಮ್ಮಗಳು ತಿರುಗಿ ಬಂದು, ಕೈ ಒರೆಸಿಕೊಂಡು ಕೂತು, ಆಯಿಯ ಕಡೆ ತಾಟು ಚಾಚಿ ಇನ್ನೊಂದು ರೊಟ್ಟಿ ಕೇಳಿದಳು.